ಮೊದಲು ನೋಡಬೇಕಾದ ಫೈಲುಗಳು

ಹರಿಯಬ್ಬೆಯ ಮೀನಾಕ್ಷಿಗೆ ಸಿಟ್ಟು ಬೇಗ ಬರುತ್ತಿರಲಿಲ್ಲ. ಬಂದದ್ದು ಹೋಗುತ್ತಲೂ ಇರಲಿಲ್ಲ. ಅವಳದು ಕುರಿ ಕಾಯುವ ಮನೆತನ. ಡಿಪ್ಲೊಮಾ ಮುಗಿಸಿದ ಮೇಲೆ ಅವಳು ಕುರಿಗಾರರಿಗಾಗಿ ಒಂದು ಮೊಬೈಲ್ ಆ್ಯಪ್ ಬರೆದಳು. ಓದು ಬಾರದವರು ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು, ಯಾವ ಕುರಿಗೆ ಲಸಿಕೆ ಆಗಿದೆ, ಯಾವುದು ಗಬ್ಬ ಎಂಬುದೆಲ್ಲ ಅದರಲ್ಲಿ ಉಳಿಯುತ್ತಿತ್ತು. ಅವ್ವ ಕೆಂಚಕ್ಕ ಕುರಿ ಕೂಡುವ ರೊಪ್ಪದ ಹತ್ತಿರ ಆಡುವ ಮಾತನ್ನೇ ರೆಕಾರ್ಡ್ ಮಾಡಿಕೊಂಡು ಅದಕ್ಕೆ ಭಾಷೆ ಕಲಿಸಿದ್ದಳು. ಆ ಆ್ಯಪಿನ ಸಾಫ್ಟ್‌ವೇರ್ ಕೋಡನ್ನು ಒಂದು ಲೈಸೆನ್ಸಿನಡಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಳು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ಬರೆದವಳ ಹೆಸರು ತೆಗೆಯಬಾರದು. ತಿದ್ದಿ ಹಂಚುವವರು ತಮ್ಮ ಕೋಡನ್ನೂ ಹಾಗೆಯೇ ತೆರೆದಿಡಬೇಕು.

ಜೊತೆಯಲ್ಲಿ ಓದಿದ ದಯಾನಂದ ಪಾಲುದಾರನಾಗುತ್ತೇನೆಂದು ಬಂದ. ಕೆಲವು ಕಾಲ ಒಟ್ಟಿಗೆ ದುಡಿದರು. ಒಂದು ಬೆಳಿಗ್ಗೆ ಅವಳ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ; ದಯಾನಂದ ಅದನ್ನು ಬದಲಿಸಿದ್ದ. ಸ್ವಲ್ಪ ದಿನಕ್ಕೇ ಚಿತ್ರದುರ್ಗದ ಸಭಾಂಗಣವೊಂದರಲ್ಲಿ ಆ್ಯಪ್ ಬೇರೆ ಹೆಸರಿನಲ್ಲಿ ಬಿಡುಗಡೆಯಾಯಿತು. ಹಿಂದೆ ಕೂತಿದ್ದ ಅವಳನ್ನು ತೋರಿಸಿ ದಯಾನಂದ ಮೈಕಿನಲ್ಲಿ ಹೇಳಿದ: "ನಮ್ಮ ಮೀನಾಕ್ಷಿ ಅಲ್ಲಿ ಕುಂತವ್ಳೆ. ಟೈಪಿಂಗಿಗೆ ಭಾಳ ಸಹಾಯ ಮಾಡಿದ್ಲು."

ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಕೆಂಚಕ್ಕನೂ ಗೊತ್ತಾಗದೆ ತಟ್ಟಿದಳು. ಅವನ ಕೋಡು ಹೊರಗಿನವರಿಗೆ ಕಾಣದಂತೆ ಬೀಗದೊಳಗಿತ್ತು; ಇದು ನನ್ನದು ಎಂದು ತೋರಿಸಲು ಮೀನಾಕ್ಷಿಗೆ ದಾರಿಯಿರಲಿಲ್ಲ.

ಅವಳು ಚಿತ್ರದುರ್ಗದಲ್ಲೇ ಶಿವಯ್ಯನವರ ಆಫೀಸು ಸೇರಿದಳು. ಯಾರಾದರೂ ಒಂದು ಸಾಫ್ಟ್‌ವೇರ್ ಕಂಪನಿಯನ್ನು ಕೊಳ್ಳುವ ಮುಂಚೆ, ಅದರ ಕೋಡಿನಲ್ಲಿ ಯಾರ ಯಾರದ್ದು ಸೇರಿದೆ, ಲೈಸೆನ್ಸಿನ ತಕರಾರಿದೆಯೇ ಎಂದು ನೋಡಿಕೊಡುವುದು ಅಲ್ಲಿನ ಕೆಲಸ. ಇರುವ ಫೈಲುಗಳನ್ನೆಲ್ಲ ವಕೀಲರು ಓದಿ ಮುಗಿಸಲಾರರು. ಅದಕ್ಕೇ ಮೊದಲು ವಿಂಗಡಿಸಬೇಕು. ಗ್ರಾಹಕರ ಕೈಸೇರುವ ಕೋಡು ಮೊದಲು. ಬರೀ ಪರೀಕ್ಷೆಗೆ ಇಟ್ಟದ್ದು, ಚಿತ್ರಗಳು, ಸಹಾಯದ ಪುಟಗಳು ಕೊನೆಗೆ. ಈ ವಿಂಗಡಣೆ ಮೀನಾಕ್ಷಿಯ ಪಾಲಿನದು.

ಕಳೆದ ಆಷಾಢದಲ್ಲಿ ಬಂದ ಕೆಲಸದ ಮೇಲೆ ದಯಾನಂದನ ಕಂಪನಿಯ ಹೆಸರಿತ್ತು. ಬೆಂಗಳೂರಿನ ಕಂಪನಿಯೊಂದರವರು ಅದನ್ನು ಕೊಳ್ಳಲು ಹೊರಟಿದ್ದರು. ಮೀನಾಕ್ಷಿ ಯಾರಿಗೂ ಹೇಳದೆ ತೆರೆದು ಕೂತಳು. ಮಾತು ಗುರುತಿಸುವ ಅವಳ ಫೈಲುಗಳೆಲ್ಲ 'ಪರೀಕ್ಷೆ' ಎಂಬ ಫೋಲ್ಡರಿನಲ್ಲಿದ್ದವು. ಮೇಲೆ ಇರಬೇಕಿದ್ದ ಅವಳ ಹೆಸರೂ ಇಲ್ಲ, ಲೈಸೆನ್ಸೂ ಇಲ್ಲ. ಯಾರೂ ಇಣುಕದ ಮೂಲೆಗೆ ಅವನು ಬೇಕೆಂದೇ ತಳ್ಳಿದ್ದ. ಆದರೆ ಆ್ಯಪ್ ಓಡುತ್ತಿದ್ದದ್ದೇ ಅವುಗಳ ಮೇಲೆ.

ಅವಳು ಅವನ್ನೆಲ್ಲ ಮೊದಲು ನೋಡಬೇಕಾದ ಗುಂಪಿಗೆ ಎಳೆದು ಹಾಕಿದಳು. ಅಷ್ಟಕ್ಕೇ ಹೊಟ್ಟೆ ತಣ್ಣಗಾಗಲಿಲ್ಲ. ದಯಾನಂದನೇ ಬರೆದ, ಯಾವ ದೋಷವೂ ಇಲ್ಲದ ಫೈಲುಗಳನ್ನೂ ಅನುಮಾನದವೆಂದು ಅಲ್ಲಿಗೇ ತುರುಕಿದಳು. ಅವನ ಮಾರಾಟ ತಿಂಗಳುಗಟ್ಟಲೆ ಕೊಳೆಯಲಿ ಎಂದು.

ಸಂಜೆ ಶಿವಯ್ಯ ಕರೆದರು. "ಏನವ್ವ, ಇವು ಸರಿಯಾಗೇ ಅವೆ. ಯಾಕ್ ಮೇಲಕ್ಕೆ ಹಾಕಿದೀಯ?"

ಮೀನಾಕ್ಷಿ ನಡೆದದ್ದೆಲ್ಲ ಹೇಳಿದಳು.

"ನಿನ್ನ ಕೋಡು ಐತೆ ಅಂದ್ಮೇಲೆ ನೀನು ಇದ್ನ ಮುಟ್ಟಲೇಬಾರ್ದಿತ್ತು," ಎಂದರು ಶಿವಯ್ಯ. "ಗೊತ್ತಾದ್ರೆ ಅವನೇ ಗೆಲ್ತಾನೆ. ದ್ವೇಷಕ್ಕೆ ಮಾಡಿದ್ದು ಅಂತಾನೆ. ನಿನ್ ಸುಳ್ಳಿನ ಜೊತೆಗೆ ನಿಜಾನೂ ಹೋಗ್ತೈತೆ."

ಮಾತು ನಾಟಿತು. ಸರಿ ತಪ್ಪಿನ ಯೋಚನೆಯಿಂದಲ್ಲ, ಅವನು ತಪ್ಪಿಸಿಕೊಂಡಾನು ಎಂಬ ಭಯದಿಂದ. ಅವಳ ವಿಂಗಡಣೆಯನ್ನು ಪೂರ್ತಿ ಅಳಿಸಿ, ಕೊಳ್ಳುವವರಿಗೂ ವಿಷಯ ತಿಳಿಸಿ, ಶಿವಯ್ಯ ಕೆಲಸವನ್ನು ಸಹೋದ್ಯೋಗಿ ಶರಣ್‌ಗೆ ಕೊಟ್ಟರು. ಅವನು ಮೊದಲಿಂದ ನೋಡಿದ. ಆ ಫೋಲ್ಡರಿನ ಕೋಡೂ ಮೀನಾಕ್ಷಿ ಹಿಂದೆಯೇ ತೆರೆದಿಟ್ಟಿದ್ದ ಕೋಡೂ ಸಾಲಿಗೆ ಸಾಲು ಒಂದೇ ಆಗಿದ್ದವು. ಬೆಂಗಳೂರಿನವರು ಖರೀದಿ ತಡೆದು, ಮೊದಲು ಆಕೆಯೊಂದಿಗೆ ಬಗೆಹರಿಸಿಕೊಂಡು ಬನ್ನಿ ಎಂದು ದಯಾನಂದನಿಗೆ ಹೇಳಿದರು.

ಮೀನಾಕ್ಷಿ ಊರಿಗೆ ಹೋಗಿದ್ದ ದಿನ ದಯಾನಂದ ಹರಿಯಬ್ಬೆಯ ಮನೆಗೆ ಬಂದ. ಕೆಂಚಕ್ಕ "ಬಾರಪ್ಪ, ಕುಂತ್ಕ" ಎಂದು ಟೀ ಕೊಟ್ಟಳು.

"ಮೀನಾಕ್ಷಿ, ಒಂದು ಸಹಿ ಹಾಕು. ಕೋಡು ಮುಚ್ಚಿಟ್ಕಂಡು ಮಾರಾಕೆ ಒಪ್ಪಿಗೆ ಐತೆ ಅಂತ. ನಿನ್ ಹೆಸ್ರೂ ಹಾಕ್ತೀನಿ, ಪಾಲೂ ಕೊಡ್ತೀನಿ."

"ಟೈಪಿಂಗ್ ಮಾಡಿದೋಳ ಸಹಿ ನಿಂಗ್ಯಾಕೆ?"

"ತಪ್ಪಾತು ಮಾರಾಯ್ತಿ. ಇದು ಹೋದ್ರೆ ನಾನು ಮುಳುಗಿದಂಗೆ."

"ಲೈಸೆನ್ಸಿನಾಗೆ ಏನೈತೋ ಅದ್ನ ಮಾಡು. ನಿನ್ ಕೋಡೆಲ್ಲ ತೆರೆದಿಡು. ಇಲ್ಲಾಂದ್ರೆ ನಂದು ಕಿತ್ತಾಕಿ ಮಾರ್ಕೊ. ಕಿವುಡ ಆ್ಯಪು ಯಾರ್ ತಗಂತಾರೋ ನೋಡಾಣ."

"ಸಾಕು ಬಿಡವ್ವ, ಮನೆ ಬಾಗ್ಲಿಗೆ ಬಂದವ್ನೆ," ಎಂದಳು ಕೆಂಚಕ್ಕ.

"ಅವತ್ತು ನಿನ್ ಕೈಲೂ ಚಪ್ಪಾಳೆ ತಟ್ಟಿಸಿದ್ನಲ್ಲವ್ವ."

ಕೆಂಚಕ್ಕ ದಯಾನಂದನ ಮುಂದಿದ್ದ ಅರ್ಧ ಟೀಯ ಲೋಟ ಎತ್ತಿಕೊಂಡು ಒಳಗೆ ಹೋದಳು.

ಖರೀದಿ ಮುರಿದುಬಿತ್ತು. ಇದ್ದ ಗ್ರಾಹಕರನ್ನಾದರೂ ಉಳಿಸಿಕೊಳ್ಳಲು ದಯಾನಂದ ತನ್ನ ಕೋಡನ್ನೆಲ್ಲ ತೆರೆದಿಡಬೇಕಾಯಿತು. ಮೀನಾಕ್ಷಿ ಕಾದಿದ್ದದ್ದು ಅದಕ್ಕೇ. ಅವನು ಮಾಡಿದ್ದ ಸುಧಾರಣೆಗಳನ್ನು, ಅವನ ಹೆಸರನ್ನು ಹಾಗೇ ಇಟ್ಟು, ತನ್ನ ಆ್ಯಪಿಗೆ ಸೇರಿಸಿಕೊಂಡು ಪುಕ್ಕಟೆಯಾಗಿ ಹಂಚತೊಡಗಿದಳು. ಶಿವಯ್ಯ ಅವಳಿಗೆ ವಿಂಗಡಣೆಯ ಕೆಲಸ ಮತ್ತೆ ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ದಯಾನಂದನ ಗ್ರಾಹಕರಿದ್ದ ಊರುಗಳಿಗೇ ಹುಡುಕಿಕೊಂಡು ಹೋದಳು.

ಧರ್ಮಪುರದಲ್ಲಿ ಮುದ್ದಪ್ಪ ಎಂಬ ಹಿರಿಯ ಕುರಿಗಾರ ಫೋನು ಮುಂದೆ ಹಿಡಿದು ಕೇಳಿದ: "ಆ ಹುಡ್ಗಂಗೆ ಇದಕ್ಕೆ ವರ್ಷಾ ವರ್ಷಾ ದುಡ್ಡು ಕಟ್ತಿದ್ನವ್ವ. ಇನ್ನೂ ಕಟ್ಬೇಕಾ?"

"ಬ್ಯಾಡ ಕಣಜ್ಜ," ಎಂದಳು ಮೀನಾಕ್ಷಿ. "ನಿಮ್ಮೂರಾಗೆ ಇನ್ಯಾರ್ ಯಾರು ಕಟ್ತಾರೆ, ಅವ್ರ ಮನೆ ತೋರ್ಸು, ಹೋಗಾಣ."