ಹೊಳಪಿಗೆ ಹಚ್ಚಿದ ಎಣ್ಣೆ

ಕೈ ಎತ್ತಬೇಕೇ, ಸುಮ್ಮನೆ ಕೂತಿರಬೇಕೇ? ಹಿತ್ತಾಳೆ ಹದಕ್ಕೆ ಬಂದಿದೆಯೇ ಎಂದು ಒಲೆಯೊಳಗೆ ಇಣುಕುತ್ತಿದ್ದರೂ ಅರ್ಕಾದಿಯವರ ತಲೆಯಲ್ಲಿ ಇರುವುದು ಸಂಜೆಯ ಸಭೆ. ಅವರನ್ನು ಮತ್ತೆ ಹಿತ್ತಾಳೆ ಒತ್ತುವ ಅಚ್ಚುಯಂತ್ರಕ್ಕೆ ಕರೆಯಬೇಕೋ ಬೇಡವೋ ಎಂದು ಕಾರ್ಮಿಕರೆಲ್ಲ ಕೈ ಎತ್ತಿ ತೀರ್ಮಾನಿಸಲಿದ್ದಾರೆ. "ನನಗೋಸ್ಕರ ನಾನೇ ಕೈ ಎತ್ತೋದು ಒಂಥರಾ ನಾಚಿಕೆ ಕಣಪ್ಪ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನ್ನೊಡನೆ.

ಬಾರ್ಸಿಲೋನಾದ ಪೊಬ್ಲೆನೌ ಬೀದಿಗಳಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬ್ರೆಡ್ಡಿನ ಸಾಲು ಆಗಲೇ ಮೂಲೆ ತಿರುಗಿದೆ. ಅರ್ಕಾದಿ ಬಾರ್ಲಿ ಕಾಫಿ ಕುಡಿದು, ಎಲ್ಲರಿಗಿಂತ ಮೊದಲು ಬಂದು ಒಲೆ ಹಚ್ಚುತ್ತಾರೆ. ಹಿತ್ತಾಳೆ ಕಾಯ್ದು ಮೆತ್ತಗಾಗದಿದ್ದರೆ ಅಚ್ಚಿನಲ್ಲಿ ಸೀಳಿಹೋಗುತ್ತದೆ.

ಮೊನ್ನೆಮೊನ್ನೆಯವರೆಗೆ ಇಲ್ಲಿ ತಯಾರಾಗುತ್ತಿದ್ದದ್ದು ಲಿಪ್‌ಸ್ಟಿಕ್‌ನ ಹಿತ್ತಾಳೆ ಕೊಳವೆ. ಕಳೆದ ಬೇಸಿಗೆಯಲ್ಲಿ, 1936ರ ಜುಲೈನಲ್ಲಿ, ಫ್ಯಾಸಿಸ್ಟ್ ಜನರಲ್‌ಗಳು ಸ್ಪೇನ್ ಸರ್ಕಾರದ ವಿರುದ್ಧ ದಂಗೆ ಎದ್ದಾಗ ಮಾಲೀಕ ಫ್ರಾನ್ಸಿಗೆ ಓಡಿದ. ಬೀದಿಗಿಳಿದು ಸೈನಿಕರನ್ನು ತಡೆದ ಕಾರ್ಮಿಕರು ಮರುವಾರ ಬಂದು ಕಾರ್ಖಾನೆಯ ಬೀಗ ಒಡೆದರು. ಈಗ ಯಜಮಾನನಿಲ್ಲ, ಮೇಸ್ತ್ರಿಯಿಲ್ಲ. ಅದೇ ಯಂತ್ರಗಳಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡುವವರಿಗೆ ಬಂದೂಕಿನ ಕಾಡತೂಸು ತಯಾರಾಗುತ್ತದೆ.

ಚಳಿಗಾಲದಲ್ಲಿ ವೆಸ್ಕಾ ರಣರಂಗದಿಂದ ಒಬ್ಬ ಹೋರಾಟಗಾರ ಬಂದ. ಹಾರದ ಕಾಡತೂಸುಗಳನ್ನು ಟೋಪಿಯಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿದ. ಬಿಚ್ಚಿ ನೋಡಿದರೆ ಒಳಗಿನ ಮದ್ದು ಎಣ್ಣೆಯಲ್ಲಿ ನೆನೆದಿತ್ತು. "ನಮ್ಮೊಳಗೇ ದ್ರೋಹಿ ಇದ್ದಾನೆ!" ಎಂದು ಕೂಗೆದ್ದಿತು. ಬಾಗಿಲು ಹಾಕಿದರು. ಅಂಥ ಆರೋಪಕ್ಕೆ ಆಗ ಊರಿನಲ್ಲಿ ಗುಂಡೇ ಉತ್ತರವಾಗಿತ್ತು.

ಅರ್ಕಾದಿ ಎದ್ದು ನಿಂತು, "ನಾನೇ ಒರೆಸಿದ್ದು. ಕೊಳವೆ ಹೊಳೀಲಿ ಅಂತ ಎಣ್ಣೆಬಟ್ಟೆ ಹಿಡಿಯೋದು ಕೈಗೆ ರೂಢಿ," ಎಂದರು. ಸಂಘಕ್ಕಾಗಿ ಎರಡು ಬಾರಿ ಜೈಲಿಗೆ ಹೋದ ಮನುಷ್ಯ, ಯಾರೂ ಅನುಮಾನಿಸಲಿಲ್ಲ. "ಲೋ ಮುದುಕ, ಫ್ಯಾಸಿಸ್ಟರಿಗೆ ಮುತ್ತು ಕೊಡೋಕೆ ಲಿಪ್‌ಸ್ಟಿಕ್ ಕಳಿಸ್ತಿದ್ಯಾ?" ಎಂದು ಯಾರೋ ನಕ್ಕರು. ಬಾಗಿಲು ತೆರೆಯಿತು. ಅವರನ್ನು ಯಂತ್ರದಿಂದ ತೆಗೆದು ಒಲೆಯ ಕೆಲಸಕ್ಕೆ ಹಾಕಿದರು.

ಇಂದು ಸಂಜೆ ಅವರ ಹೆಸರು ಬಂದಾಗ ಪಕ್ಕದ ಯಂತ್ರದ ರೆಮೆಯ್ ಎದ್ದಳು. ಎರಡು ಮಕ್ಕಳ ತಾಯಿ.

"ಎಣ್ಣೆ ಹಚ್ಚಿದ್ದು ನಾನು. ಹೊಳೀದೇ ಇದ್ರೆ ಮೇಸ್ತ್ರಿ ಬೈತಿದ್ನಲ್ಲ, ಅದೇ ಭಯ ಕೈಯಲ್ಲಿ ಉಳ್ಕೊಂಡಿತ್ತು. ನನ್ನಣ್ಣ ಸರಗೋಸಾದಲ್ಲಿ ಕೆಲ್ಸಕ್ಕಿದ್ದ, ಫ್ಯಾಸಿಸ್ಟರು ಅವನನ್ನ ಹಿಡಿದು ತಮ್ಮ ಸೈನ್ಯಕ್ಕೆ ಸೇರಿಸ್ಕೊಂಡ್ರು. ಆವತ್ತು ಇದು ತಿಳಿದಿದ್ರೆ ನೀವು ನನ್ನ ಮಾತು ಕೇಳ್ತಿದ್ರಾ?"

ಸಭೆ ನಡೆಸುತ್ತಿದ್ದ ಫ್ಲೋರಿಂದಾ, "ಕೇಳ್ತಿರ್ಲಿಲ್ಲ," ಎಂದಳು. "ಅದು ನಮ್ಮ ತಪ್ಪು. ಆವತ್ತಿಂದ ನಿನ್ನ ಕಾಡತೂಸು ಒಂದೂ ವಾಪಸ್ ಬಂದಿಲ್ಲ, ಕೂತ್ಕೋ ಸಂಗಾತಿ. ಅರ್ಕಾದಿ, ನಿಂಗೆ ಇವಳ ಅಣ್ಣನ ವಿಷ್ಯ ಗೊತ್ತಿತ್ತಾ?"

"ಒಲೆ ಆರುತ್ತೆ," ಎಂದು ಅವರು ಎದ್ದು ಹೋದರು. ಅವರ ಬೆನ್ನ ಹಿಂದೆ ಎಲ್ಲರ ಕೈಗಳೂ ಮೇಲೆದ್ದವು.

ನಾಳೆಯಿಂದ ಮತ್ತೆ ಯಂತ್ರಕ್ಕೆ. ಸಂತೋಷವೇ ಎಂದು ಕೇಳಿದೆ. "ಅಲ್ಲಿ ಕಿಟಕಿ ಇದೆ, ಗಾಳಿ ಬರುತ್ತೆ," ಎಂದಷ್ಟೇ ಹೇಳಿದರು.

ರೆಮೆಯ್ ಗೇಟಿನ ಬಳಿ ನನಗಾಗಿ ಕಾಯುತ್ತಿದ್ದಳು. ಅರ್ಕಾದಿಯವರ ಒಬ್ಬನೇ ಮಗ ಫ್ಲೋರೆಯಾಲ್ ವೆಸ್ಕಾದಲ್ಲಿ ಕಾಲು ಕಳೆದುಕೊಂಡದ್ದು ಕಾರ್ಖಾನೆಗೆಲ್ಲ ಗೊತ್ತು. ಅದು ಯಾವ ದಿನ ಎಂಬುದನ್ನು ಅವಳಿಗೆ ತಿಳಿಸಿದವನು ಟೋಪಿ ತಂದ ಆ ಹೋರಾಟಗಾರ, ಅದೂ ಕಳೆದ ವಾರ.

ಅವಳು ಎಣ್ಣೆ ಹಚ್ಚಿದ ಆ ಕಾಡತೂಸುಗಳು ಹಾರದ ದಿನ ಕಂದಕದಲ್ಲಿ ಬಿದ್ದವನು ತನ್ನ ಮಗ ಎಂದು ಅರ್ಕಾದಿ ಅವಳಿಗೆ ಒಮ್ಮೆಯೂ ಹೇಳಲಿಲ್ಲ.