ದೇವರಿಗೊಂದು ಕೂ

ಇವತ್ತು ಬೆಳಿಗ್ಗೆ ಯಾರೋ ಗದ್ದೆಯಾಚೆಗಿನವರನ್ನು "ಕೂ" ಎಂದು ಕರೆದರು. ನಾನು ಮತ್ತೆ ಸಂಡೇಸ್ಕೂಲಿನ ಹುಡುಗಿಯಾದೆ.

ಯೇಸುವನ್ನು ಕರೆದವರಿಗೆಲ್ಲ ರಕ್ಷಣೆ ಎಂದಿದ್ದರು ಟೀಚರ್. ನಮ್ಮಲ್ಲಿ ಕರೆಯುವುದೆಂದರೆ ಕೂ ಹಾಕುವುದು. ಆಚೆಯವರು ತಿರುಗಿ ಕೂ ಅಂದರೆ ಕೇಳಿಸಿತು ಎಂದರ್ಥ. ಮುರಕಲ್ಲಿನ ಗೋಡೆ ಹತ್ತಿ ಆಕಾಶಕ್ಕೆ ಕೂ ಹಾಕಿದೆ. ಓಗೊಟ್ಟದ್ದು ನೆರೆಮನೆಯ ಐಸಮ್ಮ: "ಎಂತ ಮಗಳೇ, ಹಾವು ಬಂತಾ?"

ದೇವರು ತಿರುಗಿ ಕೂ ಅನ್ನಲಿಲ್ಲ, ನನಗೆ ರಕ್ಷಣೆಯೇ ಇಲ್ಲ ಎಂದು ಅತ್ತೆ. ಅಜ್ಜಿ ನಗುತ್ತಲೇ ನನ್ನ ಮೂಗು ಒರೆಸಿದರು.

"ಕೂ ಹಾಕುವುದು ದೂರ ಇದ್ದವರಿಗಲ್ವಾ ಮಗಾ? ಅವನು ಇಲ್ಲೇ ಇದ್ದಾನೆ. ನನ್ನಿಂದ ಆಗುವುದಿಲ್ಲ, ನೀನೇ ನೋಡಿಕೋ ಅಂತ ಮೆಲ್ಲ ಹೇಳು, ಸಾಕು."

ಈಗ ನನ್ನದೇ ಮಗು ಸೀನಿದರೂ ಹೆದರಿ ನಿದ್ದೆಗೆಟ್ಟಿದ್ದ ನಾನು, ಇವತ್ತು ಮಧ್ಯಾಹ್ನ ತೊಟ್ಟಿಲ ಪಕ್ಕ ಕೂತು ಹಾಗೆಯೇ ಹೇಳಿದೆ. ಎಚ್ಚರವಾದಾಗ ಸಂಜೆ ಐದು ಗಂಟೆ.