ದ್ವೀಪದಲ್ಲಿ ನಮ್ಮ ಯಜಮಾನರು ಕಾಣೆಯಾದ ಸಂಜೆ

ಆಂಜನೇಯಸ್ವಾಮಿಯನ್ನು ನಂಬಿದ ಎಲ್ಲ ಬಂಧುಗಳಿಗೆ ಚಂದ್ರಾ ಲೇಔಟಿನ ಗಿರಿಜಾಳ ನಮಸ್ಕಾರ. ಕಳೆದ ಜನವರಿಯಲ್ಲಿ ಅಂಡಮಾನಿನ ಒಂದು ದ್ವೀಪದಲ್ಲಿ ನಮ್ಮ ಯಜಮಾನರು ಕಾಣೆಯಾದರು. ಯಾರನ್ನಾದರೂ ಕೇಳೋಣವೆಂದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ವಾಮಿ ಅವರನ್ನು ಹೇಗೆ ಹುಡುಕಿಕೊಟ್ಟ ಎಂಬುದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಮ್ಮವರದು ಬೆಂಗಳೂರಿನ ವಿಜಯನಗರದಲ್ಲಿ ಟೈಲ್ಸ್ ಅಂಗಡಿ. ಅರವತ್ತು ತುಂಬಿತು, ಮದುವೆ ಛತ್ರ ಬುಕ್ ಮಾಡಿ ಷಷ್ಟ್ಯಬ್ದಿ ಶಾಂತಿ ಮಾಡಿಸೋಣ ಎಂದರೆ ಒಪ್ಪಲಿಲ್ಲ. “ಒಂದ್ಸಲಾನೂ ಸಮುದ್ರದ ಮೇಲೆ ಹೋಗಿಲ್ಲ ಕಣೇ” ಎಂದು ಮಗಳ ಮುಂದೆ ಅಂದುಬಿಟ್ಟರು. ಮಗಳು ಸ್ಮಿತಾ, ಅಳಿಯ ಕಿರಣ್ ಸೇರಿಕೊಂಡು ವಿಮಾನದ ಟಿಕೆಟ್ ತೆಗೆಸಿ, ನಮ್ಮ ನಾಲ್ವರಿಗೇ ಅಂತ ಇಡೀ ದಿನಕ್ಕೆ ಒಂದು ಯಾಟ್ ಗೊತ್ತುಮಾಡಿದರು.

ಯಾಟ್ ಎಂದರೆ ಹಡಗಿನಷ್ಟು ದೊಡ್ಡದಿರುತ್ತದೆ ಎಂದುಕೊಂಡಿದ್ದೆ. ನೋಡಿದರೆ ನಮ್ಮ ಮನೆಯ ಹಾಲ್‌ನಷ್ಟಿತ್ತು, ಅದೂ ಅಲ್ಲಾಡುತ್ತಿತ್ತು. ದಾರಿಯುದ್ದಕ್ಕೂ ನಾನು ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂತಿದ್ದೆ. ನಮ್ಮವರು ಮಾತ್ರ ಅಳಿಯ ಕೊಡಿಸಿದ ಹೂವಿನ ಚಡ್ಡಿ ತೊಟ್ಟು, ಸಮುದ್ರವನ್ನೇ ಕೊಂಡುಕೊಂಡವರ ಹಾಗೆ ಮುಂದೆ ನಿಂತಿದ್ದರು.

ದ್ವೀಪದಲ್ಲಿ ಇಳಿದು ಊಟಕ್ಕೆ ಕೂತೆವು. ನಾನು ಮನೆಯಿಂದ ಹೊತ್ತು ತಂದಿದ್ದ ಗೊಜ್ಜಿನಲ್ಲಿ ಕಲಸಿದ ಪುಳಿಯೋಗರೆಯನ್ನು ಅವರು ಮೂರು ಸಲ ಹಾಕಿಸಿಕೊಂಡರು. ಆಮೇಲೆ ಫೋಟೋ ತೆಗೆಯುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. “ಈ ವಯಸ್ಸಲ್ಲಿ ಚಡ್ಡಿ ಬೇಕಿತ್ತಾ ನಿಮ್ಗೆ? ಕಾಲು ನೋಡಿ, ಒಳ್ಳೇ ಊದುಬತ್ತಿ ಇದ್ದಂಗಿದೆ” ಎಂದೆ. ಅಳಿಯ ನಕ್ಕುಬಿಟ್ಟರು. ನಮ್ಮವರು ನಗಲಿಲ್ಲ. “ಒಂದು ರೌಂಡ್ ವಾಕಿಂಗ್ ಹೋಗ್ಬರ್ತೀನಿ” ಎಂದು ಹೊರಟರು.

ಹೊರಟವರು ಬರಲೇ ಇಲ್ಲ.

ಮೊದಲು ಕೋಪ ಬಂತು, ಆಮೇಲೆ ಭಯ. ಅವರ ಫೋನ್ ನನ್ನ ಬ್ಯಾಗಿನಲ್ಲೇ ಇತ್ತು. ಶುಗರ್ ಮಾತ್ರೆಯೂ ಅಲ್ಲೇ. ಸ್ಮಿತಾ ಒಂದು ಕಡೆ, ಕಿರಣ್ ಇನ್ನೊಂದು ಕಡೆ ಕೂಗುತ್ತ ಓಡಿ, ಬರಿಗೈಯಲ್ಲಿ ಹಿಂದಿರುಗಿದರು. ಅಲೆಗಳ ಸದ್ದಿನಲ್ಲಿ “ಅಪ್ಪಾ” ಎಂಬ ಕೂಗು ಹತ್ತು ಮಾರು ದೂರಕ್ಕೂ ಮುಟ್ಟುತ್ತಿರಲಿಲ್ಲ. ಯಾಟ್ ನಡೆಸುವ ಸೆಲ್ವಂ ಬೆಂಗಳೂರಿನಲ್ಲಿ ಕೆಲಸಮಾಡಿ ಹೋದವರು, ಕನ್ನಡ ಬರುತ್ತಿತ್ತು. ಅವರು ಆಕಾಶ ನೋಡಿ, “ಅಮ್ಮಾ, ನೀರು ಏರ್ತಾ ಇದೆ. ಕತ್ತಲಾದ್ರೆ ಬಂಡೆ ಮಧ್ಯೆ ಬೋಟ್ ತೆಗೆಯಕ್ಕಾಗಲ್ಲ. ನೀವು ಮೂರು ಜನ ಹತ್ತಿ, ನಾನು ಪೊಲೀಸ್‌ಗೆ ವೈರ್‌ಲೆಸ್ ಮಾಡ್ತೀನಿ” ಎಂದರು.

ಮೂರು ಜನ ಎಂಬ ಮಾತು ಕೇಳಿ, ಅವರ ಫೋನು ಮಾತ್ರೆ ಇದ್ದ ಬ್ಯಾಗನ್ನು ಅವುಚಿಕೊಂಡು ನಿಂತಲ್ಲೇ ನಿಂತೆ. ನಾನು ಅವರಿಗೆ ಆಡಿದ ಕಡೆಯ ಮಾತು ಊದುಬತ್ತಿಯದೇ ಆಗಿಬಿಟ್ಟರೆ?

“ಕಿರಣ್, ನಮ್ಮ ವಿಜಯನಗರ ಯಾವ ಕಡೆ ಬರುತ್ತೆ?” ಎಂದು ಕೇಳಿದೆ. ಅವರು ಅಳುಮುಖ ಮಾಡಿಕೊಂಡು ಸೂರ್ಯ ಮುಳುಗುವ ಕಡೆ ಕೈ ತೋರಿಸಿದರು. ಮರಳಿನಲ್ಲಿ ಆ ಕಡೆಗೇ ಮಂಡಿಯೂರಿದೆ. ಪ್ರತಿ ಶನಿವಾರ ನಾನು ಪ್ರದಕ್ಷಿಣೆ ಹಾಕುವ ಗುಡಿ ಇರುವುದು ಅಲ್ಲೇ. “ಸ್ವಾಮೀ, ಸಮುದ್ರ ದಾಟಿ ಬೇರೆಯವರ ಹೆಂಡತಿಯನ್ನು ಹುಡುಕಿಕೊಟ್ಟವನು ನೀನು. ನನ್ನ ಗಂಡನನ್ನೂ ಹುಡುಕಿಕೊಡು. ಎಂಥ ಬಟ್ಟೆ ಹಾಕಿಕೊಂಡರೂ ಇನ್ನು ಮಾತಾಡುವುದಿಲ್ಲ” ಎಂದು ಗಟ್ಟಿಯಾಗಿಯೇ ಅತ್ತೆ.

ಕಣ್ಣು ಒರೆಸಿಕೊಳ್ಳುವಾಗ ಗಾಳಿ ತಿರುಗಿತು. ಅದರ ಜೊತೆಗೆ ಬಂಡೆಗಳ ಆಚೆಯಿಂದ ಒಂದು ಸದ್ದು ಬಂತು. ಸೆಲ್ವಂ ತಟ್ಟನೆ ಬೋಟಿನ ಹುಟ್ಟು ಎತ್ತಿಕೊಂಡು ನಮ್ಮನ್ನು ಹಿಂದಕ್ಕೆ ತಳ್ಳಿದರು. “ಕಾಡುಹಂದಿ! ಯಾರೂ ಅಲ್ಲಾಡ್ಬೇಡಿ!”

ನಾನು ಕಿವಿಗೊಟ್ಟೆ. ಮೊದಲು ಗ್ರೈಂಡರ್ ತಿರುಗಿದ ಹಾಗೆ, ನಡುವೆ ಉಸಿರೇ ನಿಂತ ಹಾಗೆ, ಕೊನೆಗೆ ಕುಕ್ಕರಿನ ಸೀಟಿ.

“ಹಂದಿ ಅಲ್ಲಪ್ಪಾ! ನಮ್ಮ ಯಜಮಾನ್ರು!” ಎಂದು ಕಿರುಚಿ, ಸೀರೆ ಎತ್ತಿ ಕಟ್ಟಿ ಓಡಿದೆ.

ಬಂಡೆಗಳ ಮರೆಯಲ್ಲಿ, ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಹಿಂದೆ ಹತ್ತಲಾಗದ ಬಂಡೆ, ಮುಂದೆ ಏರುತ್ತಿರುವ ಸಮುದ್ರ. ನೀರು ಆಗಲೇ ಹಿಮ್ಮಡಿ ಮುಟ್ಟುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಅಲುಗಾಡಿಸಿ ಎಬ್ಬಿಸಿದರೆ, “ಏನು, ಕಾಫಿ ಆಯ್ತಾ?” ಎಂದರು. ಸ್ಮಿತಾ ಅಪ್ಪನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಸೆಲ್ವಂ ಹುಟ್ಟನ್ನು ಕೆಳಗಿಟ್ಟು ಆಕಾಶಕ್ಕೆ ಕೈ ಮುಗಿದರು.

ಬಂಧುಗಳೇ, ಮದುವೆಯಾದಾಗಿನಿಂದ ಈ ಗೊರಕೆಯನ್ನು ನಿಲ್ಲಿಸೆಂದು ನಾನು ಸ್ವಾಮಿಗೆ ಹರಕೆ ಹೊತ್ತಿದ್ದೆ. ವಡೆಹಾರ ಹಾಕಿಸಿದೆ, ಒಪ್ಪೊತ್ತು ಮಾಡಿದೆ. ಡಾಕ್ಟರ ಹತ್ತಿರವೂ ಹೋದೆವು. ಗೊರಕೆ ಜಗ್ಗಲಿಲ್ಲ. ಇಷ್ಟು ಚಿಕ್ಕ ಕೋರಿಕೆಯನ್ನೂ ನಡೆಸಿಕೊಡಲಿಲ್ಲವಲ್ಲ ಎಂದು ಒಳಗೊಳಗೇ ಮುನಿಸಿಕೊಂಡಿದ್ದೆ. ನಡೆಸಿಕೊಟ್ಟಿದ್ದರೆ ನಾನು ಅಂದು ಅವರನ್ನು ಹೇಗೆ ಹುಡುಕುತ್ತಿದ್ದೆ?

ಬೆಂಗಳೂರಿಗೆ ಬಂದ ಮೇಲೆ ಮೊದಲ ಶನಿವಾರವೇ ಇಬ್ಬರೂ ಗುಡಿಗೆ ಹೋದೆವು. ಸ್ವಾಮಿಯ ಮುಂದೆ ನಿಂತು, “ನನ್ನ ಆ ಹಳೆಯ ಹರಕೆಯನ್ನು ದಯವಿಟ್ಟು ಮರೆತುಬಿಡು ತಂದೆ” ಎಂದು ಬೇಡಿಕೊಂಡೆ. ಕೇಳಿದ್ದನ್ನು ಕೊಟ್ಟಾಗ ಮಾತ್ರ ದೇವರು ಕೇಳಿಸಿಕೊಂಡ ಎಂದುಕೊಳ್ಳುತ್ತಿದ್ದವಳು ನಾನು. ಈಗ ಕೊಡದೆ ಇಟ್ಟುಕೊಂಡದ್ದಕ್ಕೂ ಅವನಿಗೆ ಕೈ ಮುಗಿಯುತ್ತೇನೆ.

ತೀರ್ಥ ತೆಗೆದುಕೊಂಡು ಹೊರಗೆ ಬಂದಾಗ ನಮ್ಮವರು ಚಪ್ಪಲಿ ಹಾಕಿಕೊಳ್ಳುತ್ತ, “ಅಷ್ಟೊತ್ತು ಏನ್ ಕೇಳ್ಕೊಂಡೆ?” ಎಂದರು.

“ನಿಮ್ಗೆ ಚೆನ್ನಾಗಿ ನಿದ್ದೆ ಬರ್ಲಿ ಅಂತ” ಎಂದೆ.